ಮೀಸಲು ಹುಂಜದ ತಕರಾರು

ಕೆಂಪು ಹುಂಜವನ್ನು ಚಿಕ್ಕಪ್ಪ ಸೈಕಲ್ಲಿನ ಹ್ಯಾಂಡಲಿಗೆ ತಲೆಕೆಳಗಾಗಿ ಕಟ್ಟಿಕೊಂಡು ಹೋದದ್ದನ್ನು ನಾನು ನಿಜವಾಗಿ ನೋಡಿದೆನೋ ಇಲ್ಲವೋ, ಹೇಳಲಾರೆ. ಚಿತ್ರವೇನೋ ಸ್ಪಷ್ಟವಾಗಿದೆ. ಬಿಚ್ಚಿಕೊಂಡ ರೆಕ್ಕೆಯ ತುದಿ ಚಕ್ರದ ಕಡ್ಡಿಗಳಿಗೆ ತಾಗಿ ಟರಟರ ಎನ್ನುತ್ತಿತ್ತು. ಚಿಕ್ಕಪ್ಪ ಒಂದು ಕೈಯಲ್ಲಿ ಅದನ್ನು ಈಚೆಗೆ ಎಳೆದುಕೊಳ್ಳುತ್ತ ಇನ್ನೊಂದು ಕೈಯಲ್ಲಿ ಸೈಕಲ್ ನಡೆಸುತ್ತಿದ್ದ. ಆದರೆ ಅದು ಕಾರ್ತಿಕ ಮಾಸದ ಮಾತು. ಕಾರ್ತಿಕದಲ್ಲಿ ನಾನು ಬೆಂಗಳೂರಿನ ಹಾಸ್ಟೆಲಿನಲ್ಲಿ ಇರಬೇಕಿತ್ತು. ದೀಪಾವಳಿಗೆ ಬಂದವನು ಎರಡು ದಿನ ಹೆಚ್ಚಿಗೆ ಉಳಿದಿದ್ದೆನೇ? ಚಿಕ್ಕಪ್ಪನ ಮಗಳನ್ನು ಕೇಳಿದರೆ ಅವಳಿಗೆ ಅನುಮಾನವೇ ಇಲ್ಲ. "ನೀನಿರ್ಲಿಲ್ಲ ಕಣಣ್ಣ. ನಾನು ಹೇಳಿದ್ದನ್ನೇ ನೀನು ನೋಡ್ದೆ ಅಂತಿದ್ದೀಯ," ಎನ್ನುತ್ತಾಳೆ. ಸೈಕಲ್ ಕೂಡ ಅಲ್ಲವಂತೆ, ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದನಂತೆ. ಹಾಗಾದರೆ ಆ ಟರಟರ ಸದ್ದು ನನ್ನ ಕಿವಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ನಗುತ್ತಾಳೆ.

ಹುಂಜ ಹೋದದ್ದು ಮಾತ್ರ ನಿಜ. ಅದಾದ ಮೇಲೆ ನಡೆದದ್ದರಲ್ಲಿ ಕೆಲವಕ್ಕೆ ನಾನೇ ಸಾಕ್ಷಿ, ಕೆಲವನ್ನು ಕೇಳಿ ತಿಳಿದದ್ದು. ಎರಡೂ ಈಗ ಬೆರೆತುಹೋಗಿವೆ.

ಚಿಕ್ಕಪ್ಪನ ಊರು ಮುಳಬಾಗಿಲಿನಿಂದ ನಂಗಲಿಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗಿತ್ತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮನೆ ಕೋಲಾರದಲ್ಲಿ, ನನ್ನ ಓದು ಬೆಂಗಳೂರಿನಲ್ಲಿ, ರಜೆ ಮಾತ್ರ ಈ ಊರಲ್ಲಿ. ಚಿಕ್ಕಪ್ಪನಿಗೆ ರಾಗಿ ಹೊಲ, ಬಾವಿಯ ಪಕ್ಕ ಒಂದಿಷ್ಟು ತರಕಾರಿ, ಹಿಪ್ಪುನೇರಳೆ ತೋಟ, ಅಂಗಳದ ಒಂದು ಕೊನೆಯಲ್ಲಿ ರೇಷ್ಮೆಹುಳು ಸಾಕುವ ಕೋಣೆ. ಅಂಗಳದ ಇನ್ನೊಂದು ಕೊನೆ ಚಿಕ್ಕಮ್ಮನ ಕೋಳಿಗಳದು. ಇವೆರಡರ ನಡುವೆ ಯಾವಾಗಲೂ ಜಗಳ. ಹುಳದ ಕೋಣೆಯ ಬಾಗಿಲು ತೆರೆದಿದ್ದರೆ ಕೋಳಿಗಳಿಗೆ ಹಬ್ಬ. ಚಿಕ್ಕಪ್ಪ ಕೋಲು ಹಿಡಿದು ಓಡಿಸುವನು, ಚಿಕ್ಕಮ್ಮ ಬಾಗಿಲು ಹಾಕದವರದೇ ತಪ್ಪೆನ್ನುವಳು.

ಚಿಕ್ಕಮ್ಮ ಗೌನಿಪಲ್ಲಿ ಕಡೆಯವಳು. ತವರಿನಲ್ಲಿ ತೆಲುಗು, ಇಲ್ಲಿ ಎರಡೂ. ನನಗೆ ಆಗಲೇ ವಿಚಿತ್ರವಾಗಿ ಕಂಡದ್ದೆಂದರೆ, ಗಂಡನನ್ನು ಬೈಯುವುದು ಕನ್ನಡದಲ್ಲಿ, ಕೋಳಿಗಳನ್ನು ಮಾತಾಡಿಸುವುದು ತೆಲುಗಿನಲ್ಲಿ. ಬೆಳಿಗ್ಗೆ ಗಂಪ ಎತ್ತುವಾಗ, ಎಂದರೆ ಕೋಳಿ ಮುಚ್ಚುವ ದೊಡ್ಡ ಬಿದಿರಿನ ಬುಟ್ಟಿಯನ್ನು ಎತ್ತುವಾಗ, ಒಂದೊಂದನ್ನೂ ರಾತ್ರಿ ಹೇಗಿತ್ತೆಂದು ವಿಚಾರಿಸಿಕೊಳ್ಳುತ್ತಿದ್ದಳು. ಕೋಳಿಗಳಿಗೆ ಕನ್ನಡ ಬರುವುದಿಲ್ಲವೇ ಎಂದು ಕೇಳಿದ್ದೆ. ಅವುಗಳ ಮುತ್ತಜ್ಜಿಯನ್ನು ತವರಿಂದಲೇ ತಂದದ್ದು ಎಂದು ಅವಳು ಗಂಭೀರವಾಗಿ ಉತ್ತರಿಸಿದಳು. ಮೊಟ್ಟೆ ಮಾರಿ ಬಂದದ್ದೆಲ್ಲ ಅವಳದು. ಅದರ ವಿಷಯವನ್ನು ಚಿಕ್ಕಪ್ಪ ಎತ್ತುತ್ತಿರಲಿಲ್ಲ.

ಕಾವಿಗೆ ಕೂರಿಸುವಾಗ ಅವಳ ಶಿಸ್ತು ನೋಡುವಂಥದ್ದು. ಬುಟ್ಟಿಯಲ್ಲಿ ಬೂದಿ, ಅದರ ಮೇಲೆ ರಾಗಿ ಹುಲ್ಲು, ಹುಲ್ಲಿನ ಒಳಗೊಂದು ಇದ್ದಿಲ ಚೂರು ಮತ್ತು ಕಬ್ಬಿಣದ ಮೊಳೆ. ಗುಡುಗಿದರೆ ಮೊಟ್ಟೆ ಕೆಡುತ್ತದೆ, ಕಬ್ಬಿಣವಿದ್ದರೆ ಗುಡುಗು ಅದಕ್ಕೆ ಹೋಗುತ್ತದೆ ಎಂದು ಅವಳ ನಂಬಿಕೆ. ಮೊಳೆ ಇಲ್ಲದೆ ಒಂದು ಬುಟ್ಟಿ ಕೂರಿಸಿ ನೋಡೋಣ ಎಂದು ನಾನು ಎರಡು ಮೂರು ರಜೆ ಪೀಡಿಸಿದೆ. ಅವಳು ಒಪ್ಪಲಿಲ್ಲ. ಹಾಳಾದ ಮೊಟ್ಟೆಗೆ ನಿಮ್ಮ ಕಾಲೇಜು ದುಡ್ಡು ಕೊಡುತ್ತದೆಯೇ ಎಂದು ಕೇಳಿದಳು.

ಈ ಕಥೆಗೆ ಹಿಂದಿನ ಬೇಸಿಗೆಯಲ್ಲಿ ಊರಿಗೆ ಕೊಕ್ಕರೆ ರೋಗ ಬಂದಿತ್ತು. ಆ ರೋಗ ಬಂದ ಕೋಳಿ ಹಸಿರು ಹಿಕ್ಕೆ ಹಾಕುತ್ತದೆ, ಕತ್ತು ತಿರುಚಿಕೊಂಡು ಸುತ್ತಿ ಬೀಳುತ್ತದೆ. ಒಂದು ಮನೆಗೆ ಬಂದರೆ ಬೀದಿಗೇ ಬಂದ ಹಾಗೆ. ಚಿಕ್ಕಮ್ಮನ ಅಂಗಳದಲ್ಲಿ ಕೊನೆಗೆ ಉಳಿದದ್ದು ಎರಡೇ: ಒಂದು ಕಪ್ಪು ಹೇಂಟೆ, ಅದರದಲ್ಲದ ಒಂದು ಪುಟ್ಟ ಕೆಂಪು ಪಿಳ್ಳೆ. ಆ ಪಿಳ್ಳೆಯೂ ಕಣ್ಣು ಮುಚ್ಚಿ ತೂಗುತ್ತಿತ್ತಂತೆ. ಚಿಕ್ಕಮ್ಮ ಅದನ್ನು ಸೆರಗಿನಲ್ಲಿ ಹಾಕಿಕೊಂಡು ಊರಮ್ಮನ ಗುಡಿಗೆ ಹೋಗಿ, ಇದೊಂದು ಬದುಕಿದರೆ ಇದನ್ನು ನಿನಗೇ ಬಿಡುತ್ತೇನೆ, ನನ್ನ ಅಂಗಳ ಖಾಲಿ ಮಾಡಬೇಡ ಎಂದು ಹರಕೆ ಹೊತ್ತಳು. ಪಿಳ್ಳೆ ಬದುಕಿತು. ತವರಿನಿಂದ ಮತ್ತೆ ಹೇಂಟೆಗಳು ಬಂದವು. ಪಿಳ್ಳೆ ಬೆಳೆದು ಆ ಬೀದಿಯಲ್ಲೇ ಎದ್ದು ಕಾಣುವ ಕೆಂಪು ಹುಂಜವಾಯಿತು. ಅದು ಮೀಸಲು ಹುಂಜ. ಮಾರುವ ಹಾಗಿಲ್ಲ, ನೆಂಟರು ಬಂದರೆಂದು ಕೊಯ್ಯುವ ಹಾಗಿಲ್ಲ. ಮುಂದಿನ ಯುಗಾದಿ ಕಳೆದು ಬಿಸಿಲು ಏರುವ ಮುಂಚೆ ಅಮ್ಮನಿಗೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ರೋಗ ತಿರುಗಿ ಬರುತ್ತದೆ. ಅದು ಹರಕೆ ಹೊತ್ತವಳ ಮನೆಗೆ ಮಾತ್ರ ಬಂದು ಹೋಗುವುದಿಲ್ಲ. ಅದಕ್ಕೇ ಒಬ್ಬಳ ಹರಕೆಯ ಮೇಲೆ ಬೀದಿಯ ಎಲ್ಲರ ಕಣ್ಣೂ ಇರುತ್ತಿತ್ತು.

ಹುಂಜ ಮೀಸಲೆಂದು ಚಿಕ್ಕಪ್ಪನಿಗೆ ಗೊತ್ತಿತ್ತು. ಅವನು ತಿಳಿದುಕೊಂಡದ್ದೇ ಬೇರೆ. ಅಮ್ಮನಿಗೆ ಸಲ್ಲಬೇಕಾದದ್ದು ಒಂದು ಹುಂಜ, ಯಾವುದಾದರೂ ಸರಿ ಎಂದು ಅವನ ಲೆಕ್ಕ.

ಆ ಕಾರ್ತಿಕದಲ್ಲಿ ಸರ್ಕಾರದವರು ಬಂದು, ನಾಟಿ ಹುಂಜ ಕೊಟ್ಟರೆ ಬದಲಿಗೆ ಬಿಳಿ ಫಾರಂ ಹುಂಜ ಕೊಡುತ್ತೇವೆ, ಅದರ ತಳಿಯ ಹೇಂಟೆಗಳು ವರ್ಷವೆಲ್ಲ ಮೊಟ್ಟೆ ಇಡುತ್ತವೆ ಎಂದು ಪ್ರಚಾರ ಮಾಡಿದರು. ಬೀದಿಗೊಂದು ಹುಂಜ. ಷರತ್ತೂ ಒಂದಿತ್ತು: ಬಿಳಿಯದು ಬಂದ ಮೇಲೆ ಬೀದಿಯಲ್ಲಿ ಬೇರೆ ಹುಂಜ ಇರಬಾರದು, ಇದ್ದರೆ ತಳಿ ಕೆಡುತ್ತದೆ. ಬೀದಿಯವರು ಒಪ್ಪಿಕೊಂಡರು. ಒಪ್ಪಿಕೊಂಡು, ಮೀಸಲು ಹುಂಜವೊಂದನ್ನು ಬಿಟ್ಟು ಇದ್ದ ಹುಂಜಗಳನ್ನೆಲ್ಲ ಒಂದೇ ವಾರದಲ್ಲಿ ಕೊಯ್ದು ತಿಂದರು. ಆ ವಾರ ಯಾವ ಮನೆಯ ಮುಂದೆ ನಿಂತರೂ ಕೋಳಿ ಸಾರಿನ ವಾಸನೆ ಬರುತ್ತಿತ್ತೆಂದು ಚಿಕ್ಕಪ್ಪನ ಮಗಳು ಇಂದಿಗೂ ಬಾಯಿ ಚಪ್ಪರಿಸುತ್ತಾಳೆ. ಬದಲಿಗೆ ಕೊಡಲು ಚೆನ್ನಾಗಿರುವುದೊಂದು ಬೇಕಲ್ಲ ಎಂದು ಚಿಕ್ಕಪ್ಪ, ಚಿಕ್ಕಮ್ಮ ಹೊಲದಲ್ಲಿದ್ದಾಗ, ಕೆಂಪು ಹುಂಜವನ್ನು ತೆಗೆದುಕೊಂಡು ಹೋದ. ಅಮ್ಮನಿಗೆ ಬಿಳಿಯದನ್ನೇ ಕೊಟ್ಟರಾಯಿತು, ಅದು ಇನ್ನೂ ದಪ್ಪಗಿದೆ ಎಂದು ಅವನ ಎಣಿಕೆ.

ಚಿಕ್ಕಮ್ಮ ಅವತ್ತು ಅತ್ತಳೆಂದು ಮಗಳು ಹೇಳುತ್ತಾಳೆ. ಅತ್ತದ್ದಲ್ಲ, ಮಾತು ಬಿಟ್ಟಳೆಂದು ಚಿಕ್ಕಪ್ಪ ನನ್ನೊಡನೆ ಹೇಳಿದ್ದ. ಮರುದಿನ ಬೆಳಿಗ್ಗೆ ಅವಳು ಕುಡಿಕೆಯಲ್ಲಿ ಕೂಡಿಟ್ಟಿದ್ದ ಮೊಟ್ಟೆಗಳನ್ನೆಲ್ಲ ಬುಟ್ಟಿಗೆ ತುಂಬಿ, ನಂಗಲಿಯಲ್ಲಿ ಲಾರಿಯವರು ಊಟಕ್ಕೆ ನಿಲ್ಲಿಸುವ ಹೋಟೆಲಿಗೆ ಮಾರಿದಳು. ಬಂದ ಹಣ ಬಸ್ಸಿಗೆ. ಬುಟ್ಟಿಯನ್ನು ತಲೆಯ ಮೇಲೆ ಎತ್ತಿಕೊಟ್ಟದ್ದು ಪಕ್ಕದ ಮನೆಯಾಕೆ. ಇದು ಮುಂದೆ ಮುಖ್ಯವಾಯಿತು. ನಂಗಲಿಯಿಂದ ಹಾಗೇ ಬಸ್ಸು ಹಿಡಿದು ಚಿಕ್ಕಮ್ಮ ಹುಂಜ ಬದಲಿಸಿಕೊಡುವ ಜಾಗಕ್ಕೆ ಹೋದಳು. ಅಲ್ಲಿದ್ದವನು ಒಳ್ಳೆಯವನೇ. ತಂದ ನಾಟಿ ಹುಂಜಗಳನ್ನು ಅವತ್ತಿನ ದಿನವೇ ಮಾರಿಬಿಡುತ್ತೇವೆ, ನಿಮ್ಮದು ಇಷ್ಟು ಹೊತ್ತಿಗೆ ಯಾರ ಮನೆಯಲ್ಲಿ ಬೆಂದಿದೆಯೋ ಹೇಗೆ ಹೇಳಲಿ ತಾಯಿ ಎಂದನಂತೆ.

ಬಿಳಿ ಹುಂಜವನ್ನು ನಾನು ಕ್ರಿಸ್‌ಮಸ್ ರಜೆಗೆ ಬಂದಾಗ ನೋಡಿದೆ. ಇದರಲ್ಲಿ ಅನುಮಾನವಿಲ್ಲ. ಜುಟ್ಟು ಅಷ್ಟು ದೊಡ್ಡದಾಗಿ ಒಂದು ಕಡೆಗೆ ವಾಲಿತ್ತು. ನಾಟಿ ಕೋಳಿಗಳು ಸಂಜೆಯಾದರೆ ಹೊಂಗೆ ಮರಕ್ಕೆ ಹಾರಲು ನೋಡುತ್ತವೆ, ಇದು ನೆಲದ ಮೇಲೆ ನಿಂತು ಯಾರಾದರೂ ಎತ್ತಿಕೊಳ್ಳಲೆಂದು ಕಾಯುತ್ತಿತ್ತು. ಹದ್ದಿನ ನೆರಳು ಬಿದ್ದಾಗ ಉಳಿದವೆಲ್ಲ ಬೇಲಿಯ ಸಂದಿಗೆ ನುಗ್ಗಿದರೆ ಇದು ಕತ್ತೆತ್ತಿ ಆಕಾಶ ನೋಡುತ್ತಿತ್ತು. ಆದರೆ ಬೀದಿಯ ಹೆಂಗಸರಿಗೆ ಅದರ ಮೇಲೆ ಆಗಲೇ ಆಸೆ ಬೆಳೆದಿತ್ತು. ಪಕ್ಕದ ಮನೆಯಾಕೆ ಅದನ್ನು ಅಳಿಯ ಎಂದೇ ಕರೆಯುತ್ತಿದ್ದಳು. ಅಳಿಯನಿಗೆ ನೆನೆಸಿದ ಅಕ್ಕಿ.

ಅದನ್ನೇ ಅಮ್ಮನಿಗೆ ಕೊಯ್ಯುವ ಮಾತು ಬಂದಾಗ ಬೀದಿಯೇ ಎದ್ದಿತ್ತು. ಅದು ನಿಮ್ಮೊಬ್ಬರದಲ್ಲ ಎಂದರು. ಕೊನೆಗೆ ಪೂಜಾರಪ್ಪನ ಹತ್ತಿರ ಹೋಗಿ ಅಮ್ಮನಲ್ಲಿ ಹೂ ಕೇಳಿದರು. ಒದ್ದೆ ಹೂಗಳನ್ನು ವಿಗ್ರಹದ ಎರಡೂ ಭುಜಕ್ಕೆ ಅಂಟಿಸಿ ಪ್ರಶ್ನೆ ಕೇಳುವುದು. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಬಿಳಿಯದು ಆಗುತ್ತದೆಯೇ ಎಂಬ ಪ್ರಶ್ನೆಗೆ ಎಡಗಡೆ ಬಿತ್ತು. ಇದು ಚಿಕ್ಕಪ್ಪ ಹೇಳಿದ್ದು. ಯಾವ ಹೂವೂ ಬೀಳಲಿಲ್ಲ, ಜನ ಕಾದು ಕಾದು ಎದ್ದರು ಎಂದು ಅವನ ಮಗಳು ಹೇಳುತ್ತಾಳೆ. ಅಂತೂ ಬಿಳಿ ಹುಂಜ ಉಳಿಯಿತು, ಹರಕೆಯೂ ಉಳಿಯಿತು. ಕೆಂಪು ಹುಂಜದ ಬದಲಿಗೆ ಏನಾದೀತು ಎಂದು ಚಿಕ್ಕಮ್ಮ ಕೇಳಿದ್ದಕ್ಕೆ ಪೂಜಾರಪ್ಪ, ಅದರ ಸಂತಾನ ಇದ್ದರೆ ಸಲ್ಲುತ್ತದೆ ಎಂದಿದ್ದ. ಕೆಂಪು ಹುಂಜ ಆ ವರ್ಷವೇ ಬೆಳೆದದ್ದು, ಅದರ ಮರಿ ಇನ್ನೂ ಒಂದೂ ಆಗಿರಲಿಲ್ಲ. ಇದ್ದ ಮೊಟ್ಟೆಗಳು ನಂಗಲಿಯ ಲಾರಿಯವರ ಹೊಟ್ಟೆ ಸೇರಿದ್ದವು.

ಮುಂದಿನ ಬೇಸಿಗೆಗೆ ರೋಗ ಬಂದರೆ ಯಾರ ಹೆಸರು ಎತ್ತುತ್ತಾರೆಂದು ಚಿಕ್ಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಬಾವಿಯ ಹತ್ತಿರ ಹೆಂಗಸರು ಅವಳನ್ನು ಕಂಡು ಮಾತು ಬದಲಿಸುವುದನ್ನು ಆ ರಜೆಯಲ್ಲಿ ನಾನೇ ಗಮನಿಸಿದೆ. ಅಥವಾ ಹಾಗೆಂದು ಅವಳು ನನ್ನೊಡನೆ ಹೇಳಿಕೊಂಡಳು.

ಬಿಳಿ ಹುಂಜ ಬಂದ ಸ್ವಲ್ಪ ದಿನಕ್ಕೆ ಕಪ್ಪು ಹೇಂಟೆ ಕಾವಿಗೆ ಬಂದಿತ್ತು. ಮೂಲೆಯಲ್ಲಿ ಗರಿ ಕೆದರಿಕೊಂಡು ಕೂತು, ಹತ್ತಿರ ಹೋದವರನ್ನು ಕುಕ್ಕುತ್ತಿತ್ತು. ಹುಂಜ ಬದಲಾದ ಮೇಲೆ ಅಂಗಳದಲ್ಲಿ ಬಿದ್ದ ಮೊಟ್ಟೆಗಳನ್ನು ಚಿಕ್ಕಮ್ಮ ಕೂಡಿಸಿಟ್ಟಿದ್ದಳು. ಮನಸ್ಸಿಲ್ಲದಿದ್ದರೂ, ಕಾವಿಗೆ ಬಂದ ಹೇಂಟೆಯನ್ನು ಬರಿದೇ ಕೂರಿಸಬಾರದೆಂದು ಅದರಡಿಗೆ ಇಟ್ಟಳು. ನಾನು ಊರಿಗೆ ಬಂದ ದಿನವೋ ಮರುದಿನವೋ ಮೊಟ್ಟೆಗಳು ಒಡೆಯತೊಡಗಿದವು. ಒಂದೊಂದಾಗಿ ತಿಳಿ ಹಳದಿ ಮರಿಗಳು, ನಿಂಬೆಹಣ್ಣಿನ ಬಣ್ಣ. ನಾಟಿ ಹೇಂಟೆಗಳ ಮೊಟ್ಟೆಯಿಂದ ಇಷ್ಟು ಮರಿ ಒಂದೇ ಬಣ್ಣಕ್ಕೆ ಬರುವುದನ್ನು ಯಾರೂ ನೋಡಿರಲಿಲ್ಲ. ಕೊನೆಯ ಮೊಟ್ಟೆಗಳಲ್ಲಿ ಒಂದು ಒಡೆದಾಗ ಅದರಲ್ಲಿದ್ದದ್ದು ಕಂದು ಬಣ್ಣದ್ದು. ಒದ್ದೆ ಆರಿದ ಮೇಲೆ ನೋಡಿದರೆ ಅಳಿಲಿನ ಹಾಗೆ ಬೆನ್ನ ಮೇಲೆ ಗೆರೆ.

ಚಿಕ್ಕಮ್ಮ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ನೋಡಿದಳು. "ವಚ್ಚಿನಾವಾ ನಾಯನಾ," ಎಂದಳು. ಬಂದೆಯಾ ಅಪ್ಪ ಎಂದು.

ಸುದ್ದಿ ಗೋಡೆ ದಾಟಲು ಹೊತ್ತೇನೂ ಹಿಡಿಯಲಿಲ್ಲ. ಪಕ್ಕದ ಮನೆಯಾಕೆ ಬಂದು ಗಂಪದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಅವಳು ಕೆಟ್ಟವಳಲ್ಲ. ಅವಳ ಹೇಂಟೆಗಳೇ ಬೀದಿಯಲ್ಲಿ ಹೆಚ್ಚು, ಕಳೆದ ಬೇಸಿಗೆ ಎಲ್ಲವನ್ನೂ ಕಳೆದುಕೊಂಡು ಮತ್ತೆ ಕೂಡಿಸಿದ್ದಳು.

"ಇದು ಯಾರ್ದಕ್ಕಾ?" ಎಂದಳು.

"ನಮ್ಮ ಕೆಂಪಂದು."

"ಅದೆಂಗಾಗುತ್ತೆ? ಹಳೇ ಮೊಟ್ಟೆ ಎಲ್ಲಾ ನಂಗಲಿಗೆ ಹೊತ್ಕೊಂಡು ಹೋದ್ಯಲ್ಲ. ನಾನೇ ತಾನೇ ಬುಟ್ಟಿ ಎತ್ಕೊಟ್ಟಿದ್ದು."

ಜಗಲಿಯ ಮೇಲೆ ಸೊಪ್ಪು ಕತ್ತರಿಸುತ್ತಿದ್ದ ಚಿಕ್ಕಪ್ಪ ಸಂದು ಸಿಕ್ಕಿತೆಂದು ಬಾಯಿ ಹಾಕಿದ. "ಒಂದೆರಡು ಕುಡಿಕೆ ತಳದಲ್ಲಿ ಉಳ್ಕೊಂಡಿರ್ತವೆ ಬಿಡಮ್ಮ. ಯಾರು ನೋಡಿದ್ರು?"

ಅದಕ್ಕೆ ಚಿಕ್ಕಮ್ಮ ಹೂಂ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಳೆಯ ಮೊಟ್ಟೆ ಉಳಿದಿತ್ತು, ಅದರಿಂದ ಕೆಂಪು ಹುಂಜದ ಮರಿ ಬಂತು, ಹರಕೆ ತೀರಿತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಉಳೀಲಿಲ್ಲ," ಎಂದಳು. "ಕುಡಿಕೆ ತೊಳ್ದು ಬೋರಲು ಹಾಕಿದ್ದೆ. ಅಮ್ಮನ ವಿಷ್ಯದಲ್ಲಿ ಸುಳ್ಳು ಹೇಳ್ಲಾ?"

"ಹಂಗಾದ್ರೆ ಲಾರಿಯಿಂದ ಇಳ್ದು ಯಾವ್ದೋ ಹುಂಜ ಬಂದು ಹೋಗಿರ್ಬೇಕು," ಎಂದು ಪಕ್ಕದ ಮನೆಯಾಕೆ ನಕ್ಕಳು. ಆಮೇಲೆ ನಗು ಬಿಟ್ಟು, ಬೇರೆ ಯಾವುದೋ ಹುಂಜದ್ದನ್ನು ಒಪ್ಪಿಸಿ ಅಮ್ಮನಿಗೆ ಕೋಪ ಬಂದರೆ ನಮ್ಮ ಮನೆಗಳ ಗತಿ ಏನು ಎಂದು ಕೇಳಿದಳು.

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ನೀನು ಓದ್ತಿದ್ದೀಯಲ್ಲಪ್ಪ, ಹೇಳು. ಅಪ್ಪ ಊರು ಬಿಟ್ಟ ಮೇಲೆ ಮಗ ಹುಟ್ಟಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯಾಕೆ ಉತ್ತರ ಕೊಟ್ಟಳು. "ಹುಟ್ತಾನೆ, ಹೊಟ್ಟೇಲಿದ್ರೆ. ಮೊಟ್ಟೆ ಒಳಗೇ ಇರ್ತದಾ ಅಕ್ಕಾ? ಬಂದದ್ದು ಬಂದಂಗೆ ಹೊರಗೆ ಬೀಳ್ತದೆ."

ಇದು ಸರಿಯಾದ ವಾದವೆಂದೇ ನನಗೆ ಕಂಡಿತು. ನನ್ನ ಓದು ರಸಾಯನಶಾಸ್ತ್ರ. ಕೋಳಿಯ ಒಳಗೆ ಏನು ನಡೆಯುತ್ತದೆಂದು ನನಗೂ ಅವರಿಗಿಂತ ಹೆಚ್ಚು ತಿಳಿದಿರಲಿಲ್ಲ. ಗೊತ್ತಿಲ್ಲ ಚಿಕ್ಕಮ್ಮ ಎಂದೆ. ಆದರೆ ತಲೆಯಲ್ಲಿ ಹುಳು ಹೊಕ್ಕಿತು. ಉಳಿದ ರಜೆಯಲ್ಲಿ ಊರಿನ ಬೇರೆ ಬೀದಿಗಳನ್ನು ಸುತ್ತಿ ಎಲ್ಲೆಲ್ಲಿ ಹುಂಜ ಇದೆಯೆಂದು ನೋಡಿದೆ. ಕೆರೆ ಕಡೆಯ ಒಂದು ಮನೆಯಲ್ಲಿ ಚುಕ್ಕೆಯ ಹುಂಜವೊಂದಿತ್ತು. ಅದು ನಮ್ಮ ಬೀದಿಯವರೆಗೆ ಬರಬಲ್ಲದೇ ಎಂದು ಕೇಳಿದರೆ ಆ ಮನೆಯವರು ನನ್ನನ್ನು ಅನುಮಾನದಿಂದ ನೋಡಿ, ನಮ್ಮ ಹುಂಜ ಮನೆ ಬಿಟ್ಟು ಹೋಗುವಂಥದ್ದಲ್ಲ ಎಂದರು. ಅವರ ಮಗನ ವಿಷಯ ಕೇಳಿದ ಹಾಗಿತ್ತು ಆ ಉತ್ತರ.

ಇನ್ನೊಂದು ಆತಂಕವೂ ಇತ್ತು. ಪಿಳ್ಳೆ ಹೇಂಟೆಯಾಗಿಬಿಟ್ಟರೆ? ಕಾಲು ಹಿಡಿದು ತಲೆಕೆಳಗಾಗಿ ಎತ್ತಿದಾಗ ತಲೆಯನ್ನು ಮೇಲಕ್ಕೆ ಎತ್ತಿದರೆ ಹುಂಜ, ಜೋತುಬಿಟ್ಟರೆ ಹೇಂಟೆ ಎಂದು ಹೆಂಗಸರ ಪರೀಕ್ಷೆ. ಚಿಕ್ಕಮ್ಮ ಎತ್ತಿದಾಗ ಅದು ತಲೆ ಎತ್ತಿತು. ನಾನು ಅವಳಿಲ್ಲದಾಗ ಮತ್ತೆ ಮತ್ತೆ ಎತ್ತಿ ನೋಡಿದೆ. ಒಮ್ಮೆ ಎತ್ತುತ್ತಿತ್ತು, ಒಮ್ಮೆ ಇಲ್ಲ. ಇದನ್ನು ಯಾರಿಗೂ ಹೇಳಲಿಲ್ಲ. ರಜೆ ಮುಗಿದು ಬೆಂಗಳೂರಿಗೆ ಹೋದ ಮೇಲೆ, ಮನೆಯಿಂದ ಬಂದ ಯಾರನ್ನು ಕಂಡರೂ ಪಿಳ್ಳೆ ಏನಾಯಿತೆಂದು ಕೇಳುತ್ತಿದ್ದೆ. ಹಾಸ್ಟೆಲಿನ ಗೆಳೆಯರಿಗೆ ಇದು ತಮಾಷೆಯಾಗಿತ್ತು.

ಯುಗಾದಿಗೆ ಬಂದಾಗ ನಾನು ಕೇಳುವ ಮೊದಲೇ ಅದೇ ಉತ್ತರ ಕೊಟ್ಟಿತು. ಅಂಗಳದ ಕಲ್ಲಿನ ಮೇಲೆ ನಿಂತು, ಇನ್ನೂ ಪಳಗದ ಗಂಟಲಿನಲ್ಲಿ, ಅರ್ಧಕ್ಕೆ ಮುರಿಯುವ ಹಾಗೆ ಕೂಗಿತು. ಕತ್ತಿನ ಸುತ್ತ ಕೆಂಪು ಗರಿ ಬಂದಿತ್ತು. ಜೊತೆಯ ಮರಿಗಳೆಲ್ಲ ಬಿಳುಪಾಗಿ, ಅಲ್ಲೊಂದು ಇಲ್ಲೊಂದು ಮಸಿಯ ಚುಕ್ಕೆ ಬಿದ್ದವಾಗಿದ್ದವು. ಅವುಗಳ ನಡುವೆ ಇದೊಂದು. ಚಿಕ್ಕಮ್ಮ ಅದನ್ನು ಹದ್ದಿನಿಂದ, ಮುಂಗುಸಿಯಿಂದ, ಪಕ್ಕದ ಮನೆಯವರ ಬೆಕ್ಕಿನಿಂದ ಹೇಗೆ ಕಾಪಾಡಿದಳೆಂಬುದೇ ಒಂದು ಪುರಾಣ. ಹೊಲಕ್ಕೆ ಹೋಗುವಾಗ ಅದನ್ನೊಂದನ್ನು ಗಂಪದಡಿ ಹಾಕಿ, ಗಂಪದ ಮೇಲೆ ರುಬ್ಬುವ ಗುಂಡು ಇಟ್ಟು ಹೋಗುತ್ತಿದ್ದಳಂತೆ.

ಅಷ್ಟರಲ್ಲಿ ಹೆದ್ದಾರಿಯ ಆಚೆಯ ಊರಿನಲ್ಲಿ ಕೋಳಿಗಳು ಕತ್ತು ತಿರುಚಿಕೊಂಡು ಬೀಳುತ್ತಿವೆ ಎಂಬ ಸುದ್ದಿ ಬಂತು. ಬೀದಿಯವರು ಕಾಯಲಿಲ್ಲ. ಸಂಜೆಯೇ ನಾಲ್ಕು ಮನೆಯ ಹೆಂಗಸರು ಬಂದು, ಏನಾದರೂ ಒಂದು ತೀರ್ಮಾನ ಮಾಡಿ ಎಂದರು. ಮರುದಿನ ಬೆಳಿಗ್ಗೆ ಗುಡಿಯ ಮುಂದೆ ಸೇರಿದೆವು. ಪೂಜಾರಪ್ಪ ಹುಂಜವನ್ನು ಎತ್ತಿ, ರೆಕ್ಕೆ ಬಿಡಿಸಿ, ಕಾಲು ನೋಡಿ ಕೆಳಗೆ ಬಿಟ್ಟ. ಹಳೆಯ ಕೆಂಪು ಹುಂಜವನ್ನು ಅವನೂ ಚೆನ್ನಾಗಿ ಬಲ್ಲವನೇ.

"ಹೋಲಿಕೆ ಇದೆ," ಎಂದ. "ಹೋಲಿಕೆ ನಾನು ನೋಡಿದ್ರೆ ಸಾಲ್ದು. ಅವನದ್ದೋ ಅಲ್ವೋ, ಅಮ್ಮನೇ ಹೇಳ್ಲಿ."

ಹೂ ಅಂಟಿಸಿದ. ಚಿಕ್ಕಮ್ಮ ಕೈ ಮುಗಿದು, ನನಗೆ ಕೇಳಿಸದಷ್ಟು ಮೆಲ್ಲಗೆ ಏನೋ ಹೇಳಿದಳು. ನನ್ನ ನೆನಪಿನಲ್ಲಿ ಬಲಗಡೆಯ ಹೂವು ಪ್ರಶ್ನೆ ಮುಗಿಯುವ ಮೊದಲೇ ಜಾರಿ ಬಿತ್ತು. ಚಿಕ್ಕಪ್ಪನ ಮಗಳ ನೆನಪಿನಲ್ಲಿ ಸೂರ್ಯ ನೆತ್ತಿಗೆ ಬರುವವರೆಗೆ ಕಾದು, ಬಿಸಿಲಿಗೆ ಒಣಗಿ ಬಿತ್ತು. ಇಬ್ಬರೂ ಅಲ್ಲಿದ್ದೆವು, ಇಬ್ಬರೂ ಪೂಜಾರಪ್ಪನ ಕೈಯನ್ನು ಗಮನಿಸುತ್ತಿದ್ದೆವು, ಅವನು ಮುಟ್ಟಲಿಲ್ಲವೆಂಬುದೊಂದನ್ನು ಇಬ್ಬರೂ ಒಪ್ಪುತ್ತೇವೆ. ಪಕ್ಕದ ಮನೆಯಾಕೆ ಮೊದಲು ಕೈ ಮುಗಿದಳು. ಹುಂಜವನ್ನು ಅಲ್ಲೇ ಒಪ್ಪಿಸಿ, ತಲೆ ಪೂಜಾರಪ್ಪನಿಗೆ ಬಿಟ್ಟು, ಉಳಿದದ್ದನ್ನು ಮನೆಗೆ ತಂದೆವು. ಚಿಕ್ಕಮ್ಮ ಅವತ್ತು ಮುದ್ದೆಗೆ ಎರಡು ಸಲ ಸಾರು ಹಾಕಿಕೊಂಡು ಉಂಡಳು. ಇಷ್ಟು ತಿಂಗಳಲ್ಲಿ ಅವಳು ಹಾಗೆ ಉಂಡದ್ದೇ ಇಲ್ಲವೆಂದು ಚಿಕ್ಕಪ್ಪ ನನ್ನ ಕಿವಿಯಲ್ಲಿ ಹೇಳಿದ.

ರೋಗ ಬಂದೇ ಬಂತು. ಹೆಚ್ಚು ದಿನವೂ ತಡೆಯಲಿಲ್ಲ. ಮೊದಲು ಬಿದ್ದದ್ದು ಬಿಳಿ ಹುಂಜ. ಆಮೇಲೆ ಅದರ ಮರಿಗಳಲ್ಲಿ ಹೆಚ್ಚಿನವು, ಆಮೇಲೆ ಮಿಕ್ಕ ಕೋಳಿಗಳು. ಲಸಿಕೆ ಎಂಬುದೊಂದು ಇದೆಯೆಂದು ನಾನು ಹೇಳಿದ್ದೆ, ಎಲ್ಲರೂ ಕೇಳಿಸಿಕೊಂಡಿದ್ದರು, ಹಾಕಿಸಲು ಯಾರೂ ಹೋಗಿರಲಿಲ್ಲ, ನಾನೂ. ಬೀದಿಯಲ್ಲಿ ಹುಂಜದ ಕೂಗೇ ಇಲ್ಲದೆ ಬೆಳಗಾಗತೊಡಗಿತು. ಈ ಸಲ ಯಾರ ಹರಕೆ ಬಾಕಿ ಎಂದು ಬಾವಿಯ ಹತ್ತಿರ ಮಾತು ಶುರುವಾಯಿತು. ಒಂದಲ್ಲ, ಎರಡು ಮೂರು ಮನೆಗಳ ಹೆಸರು ಬಂದವು. ಚಿಕ್ಕಮ್ಮನ ಹೆಸರು ಬರಲಿಲ್ಲ. ತನ್ನ ಸತ್ತ ಹೇಂಟೆಗಳನ್ನು ಹೂಳಿ ಬಂದ ಪಕ್ಕದ ಮನೆಯಾಕೆ ನಮ್ಮ ಜಗಲಿಯ ಮೇಲೆ ಕೂತು, "ನೀನು ಕೊಟ್ಟಿದ್ದಾಯ್ತಲ್ಲಕ್ಕಾ. ನಿನ್ ಮೇಲೆ ಮಾತಿಲ್ಲ," ಎಂದು ತಾನಾಗಿಯೇ ಹೇಳಿದಳು. ಚಿಕ್ಕಮ್ಮ ಅವಳಿಗೆ ಎಲೆ ಅಡಿಕೆ ಕೊಟ್ಟಳು. ಕಪ್ಪು ಹೇಂಟೆ ಆ ಬೇಸಿಗೆಯೂ ಉಳಿಯಿತು. ಗೌನಿಪಲ್ಲಿಯಿಂದ ಹೊಸ ಹುಂಜ ಬಂದ ಮೇಲೆ, ಉಳಿದುಕೊಂಡ ಬಿಳಿ ತಳಿಯ ಹೇಂಟೆಗಳು ಮೊಟ್ಟೆ ಇಟ್ಟವೇ ಹೊರತು ಕಾವಿಗೆ ಕೂರಲಿಲ್ಲ. ಬೀದಿಯ ಮೊಟ್ಟೆಗಳೆಲ್ಲ ಸರದಿಯಂತೆ ಆ ಕಪ್ಪು ಹೇಂಟೆಯ ಅಡಿಗೆ ಬಂದವು. ಪಕ್ಕದ ಮನೆಯಾಕೆಯದು ಮೊದಲ ಸರದಿ.

ನನ್ನ ಹುಳು ಮಾತ್ರ ತಲೆಯಿಂದ ಇಳಿಯಲಿಲ್ಲ. ಚುಕ್ಕೆಯ ಹುಂಜ ಬಂದಿತ್ತೇ? ಚಿಕ್ಕಮ್ಮ ಕುಡಿಕೆ ತೊಳೆಯುವಾಗ ಒಂದು ಮೊಟ್ಟೆ ಬೇರೆ ಕಡೆ ಉರುಳಿತ್ತೇ? ಕಪ್ಪು ಹೇಂಟೆಯೇ ಎಲ್ಲೋ ಬೇಲಿಯಲ್ಲಿ ಕದ್ದು ಇಟ್ಟದ್ದನ್ನು ಯಾರೋ ತಂದು ಸೇರಿಸಿದ್ದರೇ? ಮರಿ ಒಂದೇ ಇತ್ತೇ? ಈಗ ಚಿಕ್ಕಪ್ಪನ ಮಗಳು ಕಂದು ಮರಿಗಳು ಮೂರಿದ್ದವು, ಎರಡನ್ನು ಹದ್ದು ಒಯ್ದಿತು ಎನ್ನುತ್ತಾಳೆ. ಚಿಕ್ಕಮ್ಮನನ್ನು ಕೇಳಿದರೆ, ಬಂತು, ಕೊಟ್ಟೆ, ಆಯಿತು. ಅದನ್ನೇಕೆ ಕೆದಕುತ್ತೀ ಎನ್ನುತ್ತಿದ್ದಳು.

ಎಂಬತ್ತರ ದಶಕದ ನಡುವೆ ನಾನು ಕೆಲಸದ ಮೇಲೆ ಮಾಲೂರಿನಲ್ಲಿದ್ದೆ. ಒಂದು ದಿನ ಬಸ್ಸಿನಲ್ಲಿ ಪಕ್ಕ ಕೂತ ಪಶುವೈದ್ಯರೊಬ್ಬರ ಹತ್ತಿರ, ಬೇರೆ ಮಾತು ಸಿಗದೆ, ಈ ಕಥೆ ಹೇಳಿದೆ. ಅವರು ಇದರಲ್ಲಿ ಆಶ್ಚರ್ಯವೇನಿದೆ ಎಂದರು. ಹೇಂಟೆಯ ಮೊಟ್ಟೆನಾಳದಲ್ಲಿ ಸಣ್ಣ ಸಣ್ಣ ಮಡಿಕೆಗಳಿವೆಯಂತೆ, ಹುಂಜದ ಬೀಜ ಅಲ್ಲಿ ಉಳಿದುಕೊಂಡು ದಿನಗಟ್ಟಲೆ ಬದುಕಿರುತ್ತದಂತೆ. ಹೊಸ ಹುಂಜ ಬಂದ ಮೇಲೂ ಹಳೆಯದರ ಮರಿ ಅಪರೂಪಕ್ಕೆ ಬರಬಹುದಂತೆ. ಅವರು ಇಳಿದುಹೋದ ಮೇಲೆ, ಕಲಿತವರು ಹೇಳಿದರೆಂದು ನಂಬುವುದಾದರೆ ಪೂಜಾರಪ್ಪನನ್ನೇ ನಂಬಬಹುದಿತ್ತಲ್ಲ ಎನಿಸಿತು. ನೋಡಿಯೇ ಬಿಡೋಣ ಎಂದು ಸಂತೆಯಲ್ಲಿ ಒಂದು ಹುಂಜ, ಮೂರು ಹೇಂಟೆ ಕೊಂಡೆ.

ಬಾಡಿಗೆ ಮನೆಯ ಹಿತ್ತಿಲಲ್ಲಿ ಹೆಂಚಿನ ಚೂರು, ತಂತಿಬಲೆ ಸೇರಿಸಿ, ಹೊರಗಿನ ಹುಂಜ ಇಣುಕಲಾಗದಂಥ ಗೂಡು ಕಟ್ಟಿದೆ. ಕೆಲವು ವಾರ ಒಟ್ಟಿಗೆ ಬಿಟ್ಟು, ಒಂದು ಭಾನುವಾರ ಹುಂಜವನ್ನು ಕೊಯ್ದು ಉಂಡೆವು. ಅಲ್ಲಿಂದ ಒಂದು ವಾರ ಬಿದ್ದ ಮೊಟ್ಟೆಗಳನ್ನೆಲ್ಲ ಆಮ್ಲೆಟ್ ಮಾಡಿಸಿದೆ, ಒಂದೂ ಉಳಿಯದಂತೆ ನಾನೇ ನಿಂತು ನೋಡಿದೆ. ಆ ವಾರ ಕಳೆದು ಬಿದ್ದವನ್ನು ಮಾತ್ರ ಎತ್ತಿಟ್ಟೆ. ವಕ್ಕಲೇರಿಯ ನೆಂಟರ ಮನೆಯಿಂದ ಕಾವಿಗೆ ಬಂದ ಹೇಂಟೆಯೊಂದನ್ನು ಬುಟ್ಟಿಯಲ್ಲಿ ತಂದು ಅವುಗಳ ಮೇಲೆ ಕೂರಿಸಿದೆ. ಹೆಂಡತಿ ಇದನ್ನೆಲ್ಲ ನೋಡಿ, ಮನೆ ಮಾಲೀಕರು ಕೇಳಿದರೆ ಏನು ಹೇಳಲಿ ಎಂದಳು. ಚಿಕ್ಕಮ್ಮನ ಹರಕೆ ಎಂದು ಹೇಳು ಎಂದೆ.

ಇದರಿಂದ ಆ ಕಂದು ಪಿಳ್ಳೆ ಕೆಂಪು ಹುಂಜದ್ದೇ ಎಂದು ತೀರ್ಮಾನವಾಗುವುದಿಲ್ಲ. ಹೂವು ಯಾವಾಗ ಬಿತ್ತು, ಕಂದು ಮರಿಗಳು ಎಷ್ಟಿದ್ದವು, ಹುಂಜ ಸೈಕಲ್ಲಿನಲ್ಲಿ ಹೋಯಿತೋ ಬಸ್ಸಿನಲ್ಲೋ, ಇವು ಯಾವುವೂ ಇನ್ನು ಗೊತ್ತಾಗುವಂತಿಲ್ಲ. ನಾನೇ ಪರೀಕ್ಷಿಸಿ ನೋಡಿದ್ದು ಒಂದನ್ನು. ಹುಂಜ ಸತ್ತು ವಾರ ಕಳೆದ ಮೇಲೆ ಇಟ್ಟ ಆ ಮೊಟ್ಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಡೆದು ಮರಿಗಳಾದವು.